ಎಲೆ ವ್ಯಾಪಾರಿಯೂ ಮೋಡದ ದಿನದ ರೈಲೂ

“ಗುರುಗಳೇ, ನಾನು ಮಠ ಬಿಟ್ಟು ಹೋಗಲೇ?” ಎಂದು ಮುರುಗಯ್ಯ ಕೇಳಿದ.

ಕೇಳುವ ಮೊದಲೇ ಬಟ್ಟೆಯ ಗಂಟು ಕಟ್ಟಿಟ್ಟು ಬಂದಿದ್ದ. ತಿಂಗಳಿಂದ ಅವನಿಗೆ ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಸುತ್ತಲಿನವರು ಮೈಮರೆತು ಹಾಡುವಾಗ ಅವನ ತುಟಿ ಮಾತ್ರ ಆಡುತ್ತಿತ್ತು. ಅದು ಅವನಿಗೆ ನಾಚಿಕೆಯ ವಿಷಯವಾಗಿತ್ತು. “ಒಳಗೆ ಏನೂ ಇಲ್ಲ. ಯಾವ ಬಲದ ಮೇಲೆ ಇಲ್ಲಿ ಕೂತಿರಲಿ?” ಎಂದ.

ಗುರುಗಳು ಅವನನ್ನು ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ವೀಳ್ಯದೆಲೆ ವ್ಯಾಪಾರಿಯಿದ್ದ. ಅವನ ಅಕ್ಕನ ಮಗಳ ಮದುವೆ ದೂರದ ಊರಿನಲ್ಲಿತ್ತು. ತಾಂಬೂಲದ ಎಲೆಯನ್ನು ಸೋದರಮಾವನಾಗಿ ತಾನೇ ತರುತ್ತೇನೆಂದು ಅಕ್ಕನಿಗೆ ಮಾತು ಕೊಟ್ಟಿದ್ದ. ಹಿಂದಿನ ದಿನ ಎಳೆಯ ಎಲೆ ಆರಿಸಿ, ಒದ್ದೆ ಬಟ್ಟೆ ಹೊದಿಸಿ, ಬುಟ್ಟಿ ಹೊತ್ತು ಸ್ಟೇಷನ್ನಿಗೆ ಬಂದ.

ಆ ರೈಲು ಓಡುತ್ತಿದ್ದುದು ಬಿಸಿಲು, ಗಾಳಿಗಳಿಂದ ಮಾಡಿದ ಕರೆಂಟಿನಲ್ಲಿ. ಊರಿಗೆಲ್ಲ ಅದು ಗೊತ್ತಿತ್ತು. ಸ್ಟೇಷನ್ನಿನ ಚಾವಣಿಯ ಮೇಲೇ ಸೋಲಾರ್ ಫಲಕಗಳಿದ್ದವು. ವ್ಯಾಪಾರಿ ತಲೆಯೆತ್ತಿ ನೋಡಿದ. ಮೂರು ದಿನದಿಂದ ಮೋಡ ಕವಿದಿತ್ತು. ಫಲಕಗಳ ಮೇಲೆ ಮಳೆನೀರು ಇಳಿಯುತ್ತಿತ್ತು. ಇಂಥ ದಿನ ಈ ರೈಲು ಹತ್ತುವವನು ಪೆದ್ದನೇ ಸರಿ ಅನ್ನಿಸಿತು. ಆಗಲೇ ಹತ್ತಿ ಕೂತವರನ್ನು ಕಂಡು ಮರುಕಪಟ್ಟ. ಬುಟ್ಟಿ ಹೊತ್ತು ಹೊರಗೆ ಹೋಗಿ ಲಾರಿ ಹಿಡಿದ. ಅಷ್ಟು ಬುದ್ಧಿವಂತ.

ಲಾರಿ ಊರಾಚೆಯ ಕೆಸರಿನಲ್ಲಿ ಹೂತುಕೊಂಡಿತು. ಅವನು ಮೊಣಕಾಲವರೆಗೆ ಕೆಸರು ಮಾಡಿಕೊಂಡು ತಳ್ಳುತ್ತಿದ್ದಾಗ, ರೈಲು ಹೊತ್ತಿಗೆ ಸರಿಯಾಗಿ ಪಕ್ಕದಲ್ಲೇ ಹಾದುಹೋಯಿತು. ಅವನು ಮದುವೆಮನೆ ಸೇರಿದಾಗ ಚಪ್ಪರ ಬಿಚ್ಚುತ್ತಿದ್ದರು.

“ಬಂದವರೆಲ್ಲ ಆ ರೈಲಲ್ಲೇ ಬಂದ್ರು ತಮ್ಮಾ. ನೀನೊಬ್ಬನೇ ಬರ್ಲಿಲ್ಲ,” ಎಂದಳು ಅಕ್ಕ.

ಅವನಿಗೆ ಅಳು ಬಂತು. ಮರಳುವಾಗ ಅದೇ ರೈಲಿನ ಚಾಲಕನನ್ನು ತಡೆದು ಕೇಳಿದ: “ಬಿಸಿಲೇ ಇರ್ಲಿಲ್ವಲ್ಲ, ಹೆಂಗಪ್ಪಾ ಓಡಿಸ್ದೆ?”

“ನಿಮ್ಮೂರಲ್ಲಿ ಇರ್ಲಿಲ್ಲ ಯಜಮಾನ್ರೇ. ಬಯಲುಸೀಮೆ ಕಡೆ ಸುಡೋ ಬಿಸ್ಲು. ಗುಡ್ಡದ ಮೇಲೆ ಜೋರು ಗಾಳಿ, ಫ್ಯಾನುಗಳು ಗಿರ್ರನೆ ತಿರುಗ್ತಿದ್ವು. ಎಲ್ಲಿ ಹುಟ್ಟಿದ್ರೂ ಕರೆಂಟು ಈ ತಂತಿಗೇ ಬರುತ್ತೆ. ನಿಮ್ಮೂರಲ್ಲಿ ಬಿಸಿಲಿದ್ದಾಗ ನಿಮ್ಮದು ಅವರ ರೈಲಿಗೆ ಹೋಗುತ್ತೆ.”

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮುರುಗಯ್ಯನಿಗೆ ಎದೆಯ ಭಾರ ಇಳಿದಂತಾಯಿತು.

“ಹಾಗಾದರೆ ಸದ್ಯಕ್ಕೆ ಉಳಿದವರ ಬಲದ ಮೇಲೆ ನಾನು ಕೂತಿರಬಹುದು,” ಎಂದ.

“ಹೋದ ವರ್ಷ ಆರು ತಿಂಗಳು ನನ್ನೊಳಗೂ ಏನೂ ಇರಲಿಲ್ಲ, ನೀನು ಹಾಡುತ್ತಿದ್ದೆ, ನಾನು ಕೂತಿದ್ದೆ,” ಎಂದರು ಗುರುಗಳು.

ಮುರುಗಯ್ಯ ಎದ್ದು ಹೋಗಿ ಬಟ್ಟೆಯ ಗಂಟು ಬಿಚ್ಚಿದ.