ಪರಮೇಶಿ ಫೋನನ್ನು ಹಿಂದಕ್ಕೆ ತಂದದ್ದು

ಬಾಣಾವರದ ಸಂತೆ ಬೀದಿಯಲ್ಲಿ ಶಿವಗಂಗಮ್ಮ ಅಂತ ಒಬ್ಬಳು ತಾಯಿ. ಅವಳಿಗೊಂದು ಹಿಟ್ಟಿನ ಗಿರಣಿ, ಒಬ್ಬ ಮಗ. ಗಿರಣಿ ಹೇಳಿದ ಹಾಗೆ ಕೇಳುತ್ತಿತ್ತು. ಮಗನೂ ಹೇಳಿದ ಹಾಗೇ ಕೇಳುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ! ಗಿರಣಿಗೆ ರಾಗಿ ಹಾಕಿದರೆ ರಾಗಿ ಹಿಟ್ಟು ಬರುತ್ತಿತ್ತು. ಮಗ ಪರಮೇಶಿಯ ತಲೆಗೆ ಏನು ಹಾಕಿದರೆ ಏನು ಬರುತ್ತದೆ ಅಂತ ಮೇಲಿರುವ ಶಿವನಿಗೂ ಗೊತ್ತಿರಲಿಲ್ಲ.

ಆಳು ನೋಡಿದರೆ ಗೋಧಿ ಮೂಟೆಯನ್ನು ಹೂವಿನ ಬುಟ್ಟಿಯ ಹಾಗೆ ಎತ್ತುವವನು. ಬೀಡಿ ಇಲ್ಲ, ಇಸ್ಪೀಟಿಲ್ಲ, ಬಾಯಲ್ಲಿ ಒಂದು ಸುಳ್ಳಿಲ್ಲ. ಆದರೂ ಮದುವೆ ಕೂಡಿಬರುತ್ತಿರಲಿಲ್ಲ. ಯಾಕೆ ಅಂತೀರೋ? ಒಂದು ಸಲ ಹೆಣ್ಣು ನೋಡಲು ಹೋದಾಗ ಆ ಮನೆಯ ಯಜಮಾನರು, “ಸಂಕೋಚ ಬೇಡಪ್ಪಾ, ನಿಮ್ಮನೆ ಅಂತಲೇ ತಿಳ್ಕೋ” ಅಂದರು. ಪರಮೇಶಿ ಸೀದಾ ಎದ್ದು ಒಳಗೆ ಹೋದ, ಅವರ ಮಂಚದ ಮೇಲೆ ಅವರದೇ ಕಂಬಳಿ ಹೊದ್ದು ಗೊರಕೆ ಹೊಡೆದ. ಅಲ್ಲಿಗೆ ಆ ಸಂಬಂಧ ಮುಗಿಯಿತು.

ಕಡೆಗೆ ಹೊಸದುರ್ಗದ ಓಂಕಾರಯ್ಯನವರ ಕಡೆಯಿಂದ ಒಂದು ಮಾತು ಬಂತು. ಅವರ ಮಗಳು ನೀಲವೇಣಿ. ಫೋಟೋ ಫೋನಿಗೇ ಬಂತು. ನೋಡಿದ ಪರಮೇಶಿ ಊಟ ಮರೆತ. “ಶುಕ್ರವಾರ ರಾಹುಕಾಲ ಕಳೆದ ಮೇಲೆ ವಿಡಿಯೋ ಕಾಲ್ ಮಾಡ್ತೀವಿ ತಾಯಿ. ಮೊದಲು ಮುಖ ನೋಡಿ ಮಾತಾಡೋಣ, ಒಪ್ಪಿಗೆ ಆದ್ರೆ ಬಂದು ಹೋಗೋದಿದ್ದೇ ಇದೆ” ಅಂದರು ಓಂಕಾರಯ್ಯ. ಶಿವಗಂಗಮ್ಮನಿಗೆ ಹಾಲು ಕುಡಿದಷ್ಟು ಸಂತೋಷ. ಫೋನಿನೊಳಗೆ ನುಗ್ಗಿ ಅವರ ಮಂಚದ ಮೇಲೆ ಮಲಗಲು ಇವನಿಂದ ಆಗುವುದಿಲ್ಲವಲ್ಲ!

ಆದರೆ ಆ ವಾರ ಏನಾಯಿತು ಕೇಳಿ. ಪಕ್ಕದ ಮನೆಯವಳು ಜರಡಿ ಕೇಳಲು ಬಂದಳು, ಪರಮೇಶಿ ಕೊಡಲ್ಲ ಅಂದ. ತಾಯಿ ರೇಗಿದಳು: “ಲೋ, ಮನೇಲಿಟ್ಕೊಂಡು ಕೊಡಲ್ಲ ಅಂತೀಯಾ? ಯಾರಾದ್ರೂ ಬಾಯಿಬಿಟ್ಟು ಕೇಳಿದ್ರೆ ಹೂಂ ಅನ್ನಬೇಕು ಕಣೋ!”

“ಆಗಲಮ್ಮಾ.”

ಸಂಜೆ ಹೊತ್ತಿಗೆ ಗೋಡೆಯ ಗೂಡಿನಲ್ಲಿದ್ದ ಫೋನು ಟಿಂಗ್ ಅಂದಿತು. ‘ಹೊಸ ವರ್ಷನ್ ಬಂದಿದೆ, ಹಾಕಿಕೊಳ್ಳಲೇ?’ ಪಾಪ, ಎಷ್ಟು ಮರ್ಯಾದೆಯಿಂದ ಕೇಳುತ್ತಿದೆ! ಪರಮೇಶಿ ‘ಹೂಂ’ ಒತ್ತಿದ.

ಬೆಳಗ್ಗೆ ನೋಡಿದರೆ ಫೋನು ಫೋನಾಗಿರಲಿಲ್ಲ. ಮುಟ್ಟಿದರೆ ರೊಟ್ಟಿ ಹೆಂಚಿನ ಹಾಗೆ ಬಿಸಿ. ಅದೇ ಊರಿನಲ್ಲಿದ್ದ ಸೋದರತ್ತೆ ವಿಡಿಯೋ ಕಾಲ್ ಮಾಡಿದರೆ ಅವಳ ಅರ್ಧ ಮೂಗು ಬಂದು ನಿಂತುಬಿಟ್ಟಿತು, ಆಮೇಲೆ ಕತ್ತಲೆ.

“ಅಯ್ಯೋ ನನ್ನ ಕರ್ಮವೇ! ಶುಕ್ರವಾರ ಅವರು ನಿನ್ನ ಅರ್ಧ ಮೂಗು ನೋಡಿ ಹುಡುಗಿ ಕೊಡ್ತಾರೇನೋ? ಓಡು, ಬಸ್ ಸ್ಟ್ಯಾಂಡ್ ಹತ್ರ ಬಾಬಾಜಾನ್ ಅಂಗಡಿಗೆ ಓಡು. ಹೆಂಗಿತ್ತೋ ಹಂಗೇ ಮಾಡಿಕೊಡು ಅನ್ನು!”

ಮೊಬೈಲ್ ರಿಪೇರಿಯ ಬಾಬಾಜಾನ್ ಫೋನನ್ನು ಆಕಡೆ ಈಕಡೆ ತಿರುಗಿಸಿ ನೋಡಿದ. “ಈ ಹಳೇ ಫೋನಿಗೆ ಹೊಸ ವರ್ಷನ್ ಭಾರ ಆಗಿದೆ ಪರಮೇಶಿ. ಹಿಂದಿನದಕ್ಕೆ ತರಬಹುದು. ಇದೇ ಮಾಡೆಲ್ಲಿನ ಹಳೇ ವರ್ಷನ್ ಹುಡುಕಿ ಹಾಕಬೇಕು, ನಾನು ಹುಡುಕಿ ಇಟ್ಟಿರ್ತೀನಿ. ಆದ್ರೆ ಒಂದು ಮಾತು. ಹಿಂದಕ್ಕೆ ತಂದ್ರೆ ಇದರೊಳಗೆ ಇರೋದೆಲ್ಲ ಅಳಿಸಿಹೋಗುತ್ತೆ, ಒಬ್ಬರೂ ಉಳಿಯಲ್ಲ. ಮೊದಲು ಎಲ್ಲಾನೂ ಒಂದು ಭದ್ರವಾದ ಜಾಗಕ್ಕೆ ಸೇರಿಸಿಬಿಟ್ಟು ಬಾ.”

ಪರಮೇಶಿ ಬೆರಳು ಮಡಚಿ ಎಣಿಸಿದ. ಫೋನಿನೊಳಗೆ ಯಾರು ಯಾರಿದ್ದಾರೆ? ಅತ್ತೆ ಇದ್ದಾಳೆ. ಹಾಲಿನ ಬಸಣ್ಣ ಇದ್ದಾನೆ. ಕ್ಷೌರದ ಮುನಿಯಪ್ಪ ಇದ್ದಾನೆ. ಹಬ್ಬದ ದಿನ ತೆಗೆದ ಫೋಟೋದಲ್ಲಿ ಎದುರು ಮನೆಯ ಎಮ್ಮೆಯೂ ಇದೆ. ಒಬ್ಬರೂ ಉಳಿಯುವುದಿಲ್ಲವಂತೆ!

ಓಡಿದ. ಅತ್ತೆಯನ್ನು ಎಳೆದು ತಂದ. “ಬಾ ಅತ್ತೆ, ಜೀವ ಉಳಿಸ್ಕೋ!” ಬಸಣ್ಣನನ್ನು ಸೈಕಲ್ ಸಮೇತ ಹೊತ್ತು ತಂದ. ಮುನಿಯಪ್ಪ ಯಾರದೋ ಅರ್ಧ ಗಡ್ಡ ಬಿಟ್ಟು ಕತ್ತಿ ಹಿಡಿದುಕೊಂಡೇ ಬಂದ. ಎಮ್ಮೆಯೂ ಬಂತು. ಎಲ್ಲರನ್ನೂ ಗಿರಣಿಯ ಗೋದಾಮಿಗೆ ತಳ್ಳಿ ಚಿಲಕ ಹಾಕಿ ಬೀಗ ಜಡಿದ.

ಶಿವಗಂಗಮ್ಮ ಬಂದು ನೋಡುತ್ತಾಳೆ, ಒಳಗಿಂದ ದಬದಬ ದಬದಬ! ಬಾಗಿಲು ತೆಗೆದರೆ ಮೈಯೆಲ್ಲ ಹಿಟ್ಟಾದ ಅತ್ತೆ, ಮೈಯೆಲ್ಲ ಹಿಟ್ಟಾದ ಬಸಣ್ಣ, ಮೈಯೆಲ್ಲ ಹಿಟ್ಟಾದ ಬಿಳೀ ಎಮ್ಮೆ. ಪರಮೇಶಿ ಮಾತ್ರ ಹೊರಗೆ ಜಗಲಿಯ ಮೇಲೆ ಕೂತು ಗೊಳೋ ಅಂತ ಅಳುತ್ತಿದ್ದ.

“ನೀನ್ಯಾಕೋ ಅಳ್ತೀಯ?”

“ನೀಲವೇಣೀನೂ ಫೋನಲ್ಲೇ ಇದ್ದಾಳಮ್ಮಾ! ಅವಳನ್ನ ಕರ್ಕೊಂಡು ಬರೋಣ ಅಂದ್ರೆ ಹೊಸದುರ್ಗದ ಬಸ್ಸು ಹೋಗಿಬಿಟ್ಟಿದೆ!”

ತಾಯಿ ತಲೆ ತಲೆ ಚಚ್ಚಿಕೊಂಡಳು. “ನಿನ್ನ ತಲೇಲಿ ಏನಿದೆಯೋ, ತೌಡಾ? ಜನಾನ ಕೂಡಿಹಾಕ್ತಾರೇನೋ ಬೆಪ್ಪೆ? ಇರೋದರ ನಕಲು ತೆಗೆಸಿ ಇಟ್ಕೋಬೇಕು. ನಕಲು!”

“ಇಷ್ಟೇನಾ? ಮೊದಲೇ ಹೇಳಬಾರದಾಗಿತ್ತಾ ಅಮ್ಮಾ!”

ಮಾರನೆಯ ದಿನ ಪರಮೇಶಿ ನೇರವಾಗಿ ತಾಲ್ಲೂಕು ರಸ್ತೆಯ ಜೆರಾಕ್ಸ್ ಅಂಗಡಿಗೆ ಹೋದ. ಫೋನನ್ನು ಗಾಜಿನ ಮೇಲೆ ಮಲಗಿಸಿದ. ಮುಂದುಗಡೆ ಒಂದು ಜೆರಾಕ್ಸು. ಹಿಂದುಗಡೆ ಒಂದು. ಎಡಕ್ಕೆ ಒರಗಿಸಿ ಒಂದು, ಬಲಕ್ಕೆ ಒರಗಿಸಿ ಒಂದು. ಅಷ್ಟಕ್ಕೇ ಬಿಟ್ಟನೇ? ಬರೀ ನಕಲಿಗೆ ಯಾವ ಕಛೇರಿಯಲ್ಲಿ ಬೆಲೆ ಇದೆ ಹೇಳಿ. ಗುರುಪಾದಪ್ಪ ಹೆಡ್‌ಮಾಸ್ಟರ ಮನೆಗೆ ಹೋಗಿ ಕಾಗದ ಮುಂದಿಟ್ಟ. ಮೇಷ್ಟ್ರು ಎಂದಿನ ಅಭ್ಯಾಸದಂತೆ ಮೇಲೆ ಕೆಳಗೆ ನೋಡದೆ, ‘ಮೂಲದೊಂದಿಗೆ ತಾಳೆ ನೋಡಲಾಗಿದೆ’ ಅಂತ ಬರೆದು, ಸಹಿ ಹಾಕಿ, ಮೊಹರನ್ನೂ ಒತ್ತಿಕೊಟ್ಟರು.

ಬಾಬಾಜಾನ್ ಆ ಕಪ್ಪು ಕಾಗದಗಳನ್ನು ಬಿಡಿಸಿ ನೋಡಿದ. ಮೊಹರು ನೋಡಿದ. ಪರಮೇಶಿಯ ಮುಖ ನೋಡಿದ. ಮೇಜಿನ ಮೇಲೆ ತಲೆ ಇಟ್ಟುಕೊಂಡು ನಗಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ.

“ಯಾ ಅಲ್ಲಾ! ಕೊಡಪ್ಪಾ ಇಲ್ಲಿ, ನಾನೇ ತೆಗೀತೀನಿ.” ಫೋಟೋ, ನಂಬರು, ಎಲ್ಲವನ್ನೂ ಒಂದು ಉಗುರಗಲದ ಕಾರ್ಡಿಗೆ ತುಂಬಿ, ಹಿಂದೆಯೇ ಬಂದಿದ್ದ ಶಿವಗಂಗಮ್ಮನ ಕೈಗೆ ಕೊಟ್ಟ. ಅವಳು ಸೆರಗಿಗೆ ಗಂಟು ಹಾಕಿಕೊಂಡಳು.

“ಕಾಗದ ತಂದ್ಯಲ್ಲೋ, ಕಾಗದ!” ಅಂತ ಮಗನಿಗೆ ಒಂದು ಮೊಟಕಿದಳು.

“ನಾಳೆ ಮಧ್ಯಾಹ್ನ ಪೂರ್ತಿ ಚಾರ್ಜು ಮಾಡ್ಕೊಂಡು ಬಾ ಪರಮೇಶಿ” ಅಂದ ಬಾಬಾಜಾನ್. “ಈಗಲೇ ಕಿವಿಗೆ ಹಾಕ್ಕೋ. ಒಂದು ಸಲ ಶುರುವಾಯ್ತು ಅಂದ್ರೆ ಮಧ್ಯದಲ್ಲಿ ಮುಟ್ಟೋ ಹಾಗಿಲ್ಲ. ಯಾರು ಎಷ್ಟು ಕೂಗಿಕೊಂಡ್ರೂ ಮುಟ್ಟೋ ಹಾಗಿಲ್ಲ. ಮುಗಿಯೋ ತನಕ ಕೈಕಟ್ಟಿ ಕೂತ್ಕೋಬೇಕು. ಮುಟ್ಟಿದ್ಯೋ, ಸತ್ತೇ ಹೋಗುತ್ತೆ!”

“ಮುಟ್ಟಲ್ಲ ಬಾಬಣ್ಣಾ. ಪ್ರಾಣ ಹೋದ್ರೂ ಮುಟ್ಟಲ್ಲ!”

ಗುರುವಾರ ಬೆಳಗ್ಗೆ ಶಿವಗಂಗಮ್ಮ ಮಗನ ಹೊಸ ಅಂಗಿ ತರಲು ದರ್ಜಿಯ ಹತ್ತಿರ ಹೊರಟಳು. “ಈರಜ್ಜಿ ಬಂದು ಕೂತಿದ್ದಾಳೆ, ಅವಳ ರಾಗಿ ಬೀಸಿಕೊಡೋ” ಅಂದು ಹೋದಳು. ಪರಮೇಶಿ ಮೂಟೆ ರಾಗಿಯನ್ನು ಮೇಲಿನಿಂದ ಸುರಿದ, ಕೆಳಗೆ ಅಜ್ಜಿಯ ಪುಟ್ಟ ಡಬ್ಬ ಇಟ್ಟ, ಸ್ವಿಚ್ಚು ಹಾಕಿದ. ಮಿಷನ್ನು ಗುಡುಗುಡು ಅಂದಿತು. ಶುರುವಾಯಿತಲ್ಲ! ಕೈಕಟ್ಟಿ ಕೂತುಬಿಟ್ಟ.

ಡಬ್ಬ ತುಂಬಿತು. ಪರಮೇಶಿ ಕೂತಿದ್ದ. ಹಿಟ್ಟು ನೆಲಕ್ಕೆ ಬಿತ್ತು. ಪರಮೇಶಿ ಕೂತಿದ್ದ. ಹಿಟ್ಟು ಹೊಸ್ತಿಲು ದಾಟಿತು. ಪರಮೇಶಿ ಕೂತೇ ಇದ್ದ.

“ನಿಲ್ಸೋ! ನನ್ನ ರಾಗಿ ಬೀದಿ ಪಾಲಾಯ್ತು, ನಿಲ್ಸೋ ಮುಂಡೇದೇ!” ಈರಜ್ಜಿ ಬಡಿದುಕೊಂಡಳು.

“ಯಾರು ಎಷ್ಟು ಕೂಗಿಕೊಂಡ್ರೂ ಮುಟ್ಟಬಾರದು ಅಜ್ಜೀ! ಸತ್ತೇ ಹೋಗುತ್ತೆ!”

“ಏನು ಸಾಯುತ್ತೋ?”

“ಅದು ಗೊತ್ತಿಲ್ಲ ಅಜ್ಜೀ. ಯಾವುದೋ ಒಂದು ಸಾಯುತ್ತೆ.”

ಶಿವಗಂಗಮ್ಮ ಬರುವ ಹೊತ್ತಿಗೆ ಬೀದಿಯ ಕೋಳಿಗಳೆಲ್ಲ ಗಿರಣಿಯೊಳಗೆ ಹಬ್ಬ ಮಾಡುತ್ತಿದ್ದವು. ಸ್ವಿಚ್ಚು ಆರಿಸಿ, ಅಜ್ಜಿಗೆ ತನ್ನ ಮನೆಯ ರಾಗಿ ಅಳೆದುಕೊಟ್ಟು, ಮಗನ ಕಿವಿ ಹಿಂಡಿದಳು. “ಕಣ್ಣು ಕಾಣಲ್ವೇನೋ? ಪೂರ್ತಿ ಆಗೋ ತನಕ ಕಾಯ್ತಾರೇನೋ? ಮುಕ್ಕಾಲು ತುಂಬಿದ ತಕ್ಷಣ ಕಿತ್ತು ಪಕ್ಕಕ್ಕಿಡಬೇಕು! ಮುಕ್ಕಾಲು ಅಂದ್ರೆ ಮುಕ್ಕಾಲು! ತಿಳೀತಾ?”

“ತಿಳೀತಮ್ಮಾ. ಮುಕ್ಕಾಲಿಗೆ ಕಿತ್ತುಬಿಡ್ತೀನಿ.”

ಮಧ್ಯಾಹ್ನ ಬಾಬಾಜಾನ್ ಫೋನನ್ನು ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿದ. ಎರಡು ಮೂರು ಗುಂಡಿ ಒತ್ತಿದ. ತೆರೆಯ ಮೇಲೆ ಒಂದು ಉದ್ದನೆಯ ಪಟ್ಟಿ, ಅದರೊಳಗೆ ಹಸಿರು ಬಣ್ಣ ಎಡದಿಂದ ನಿಧಾನವಾಗಿ ತುಂಬಿಕೊಳ್ಳತೊಡಗಿತು. “ನೋಡ್ತಾ ಇರು, ಚಹಾ ಹೇಳಿಬರ್ತೀನಿ” ಅಂತ ಬಾಬಾಜಾನ್ ಹೊರಗೆ ಹೋದ.

ಪರಮೇಶಿ ಕಣ್ಣು ಮಿಟುಕಿಸಲಿಲ್ಲ. ಕಾಲು ತುಂಬಿತು. ಅರ್ಧ ತುಂಬಿತು. ಮುಟ್ಟಬೇಡ ಅಂದದ್ದು ಬಾಬಣ್ಣ, ಅದು ನಿನ್ನೆಯ ಮಾತು. ಕೀಳು ಅಂದದ್ದು ಅಮ್ಮ, ಅದು ಇವತ್ತಿನ ಮಾತು. ನಿನ್ನೆಯ ಮಾತು ಕೇಳಿದ್ದಕ್ಕೇ ಅಲ್ಲವೇ ಇವತ್ತು ಕಿವಿ ಹಿಂಡಿಸಿಕೊಂಡದ್ದು? ಇನ್ನೊಂದು ಸಲ ಚೆಲ್ಲಿದರೆ ಬಾಬಣ್ಣನ ಅಂಗಡಿ ಗತಿ ಏನು?

ಮುಕ್ಕಾಲು ತುಂಬಿತು. ಪರಮೇಶಿ ತಂತಿಯನ್ನು ಸರಕ್ಕನೆ ಕಿತ್ತ.

ಚಹಾ ತಂದ ಬಾಬಾಜಾನ್ ಬಾಗಿಲಲ್ಲೇ ನಿಂತುಬಿಟ್ಟ. ಫೋನು ಇದ್ದಲು ಚೂರಿನ ಹಾಗೆ ಕಪ್ಪಾಗಿ ಬಿದ್ದಿತ್ತು.

“ಒಂದು ತೊಟ್ಟೂ ಚೆಲ್ಲಲಿಲ್ಲ ಬಾಬಣ್ಣಾ!” ಅಂದ ಪರಮೇಶಿ.

ಸುದ್ದಿ ಕೇಳಿ ಶಿವಗಂಗಮ್ಮ ಓಡಿ ಬಂದಳು. “ನಾಳೆ ಮಧ್ಯಾಹ್ನ ಕಣೋ ಪರಮೇಶಿ... ಇದೊಂದು ತಪ್ಪಿಹೋದ್ರೆ ಇನ್ನು ನಿನಗೆ ಯಾರು ಹೆಣ್ಣು ಕೊಡ್ತಾರೋ” ಅಂತ ಬೆಂಚಿನ ಮೇಲೆ ಕುಸಿದಳು. ಅಮ್ಮನ ಕಣ್ಣಲ್ಲಿ ನೀರು ಕಂಡ ಪರಮೇಶಿ ಅವಳ ಕಾಲ ಬಳಿ ಕೂತ. ತಪ್ಪು ಏನಾಯಿತು ಅಂತ ಮಾತ್ರ ತಿಳಿಯಲಿಲ್ಲ.

ಬಾಬಾಜಾನ್ ಫೋನಿನ ಗುಂಡಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿದ. ಬಿಟ್ಟ. ಮತ್ತೆ ಹಿಡಿದ. ಕಡೆಗೊಮ್ಮೆ ಕಪ್ಪು ಗಾಜಿನ ಮೇಲೆ ಸಣ್ಣ ಬೆಳಕು ಮಿಣಕ್ ಅಂದಿತು. “ಬದುಕಿದೆ ಅಮ್ಮಾ! ಮೊದಲಿನಿಂದ ಹಾಕ್ತೀನಿ. ನೀವು ಮಾತ್ರ ಇವನನ್ನ ಹಿಡ್ಕೊಳಿ!”

ಶಿವಗಂಗಮ್ಮ ಮಗನ ಎರಡು ಕೈಗಳನ್ನೂ ತನ್ನ ಮಡಿಲಲ್ಲಿ ಒತ್ತಿ ಹಿಡಿದು ಕೂತಳು. ಪಟ್ಟಿ ಮುಕ್ಕಾಲು ತುಂಬಿದಾಗ ಅವನು ಎದ್ದು ಕುಣಿದಾಡಿದ, “ಅಮ್ಮಾ, ಈಗ! ಈಗ!” ಅವಳು ಬಿಡಲಿಲ್ಲ. ಪೂರ್ತಿ ತುಂಬಿತು. ಫೋನು ಹಳೆಯ ರಾಗದಲ್ಲಿ ಹಾಡಿ ಎದ್ದಿತು. ಸೆರಗಿನ ಗಂಟು ಬಿಚ್ಚಿ ಕಾರ್ಡು ಕೊಟ್ಟಳು. ಅತ್ತೆ ಬಂದಳು, ಬಸಣ್ಣ ಬಂದ, ಎಮ್ಮೆ ಬಂತು, ನೀಲವೇಣಿಯೂ ಬಂದಳು. ಪರಮೇಶಿ ನಾಚಿಕೊಂಡು ಗೋಡೆ ಕಡೆ ತಿರುಗಿದ.

ಬೀಳ್ಕೊಡುವಾಗ ಬಾಬಾಜಾನ್ ಅವನ ಭುಜ ಹಿಡಿದು ನಿಲ್ಲಿಸಿದ. “ಕೊನೇ ಮಾತು, ಚೆನ್ನಾಗಿ ಕೇಳು. ಇನ್ನು ಈ ಫೋನು ನಿನ್ನ ಸುಮ್ಮನೆ ಬಿಡಲ್ಲ. ಒಪ್ಪಿಗೇನಾ, ಒಪ್ಪಿಗೇನಾ ಅಂತ ಕೇಳ್ತಾನೇ ಇರುತ್ತೆ. ‘ಈಗ ಬೇಡ’ ಅನ್ನಬೇಕು. ಎಷ್ಟೇ ಚಂದವಾಗಿ ತೋರಿಸಲಿ, ಮನಸ್ಸು ಗಟ್ಟಿ ಮಾಡ್ಕೊಂಡು ‘ಹೊಸದು ಬೇಡ, ಹಳೇದೇ ಸಾಕು’ ಅನ್ನಬೇಕು. ಇದೊಂದು ಮರೀಬೇಡ.”

“ಹೌದು ಕಣೋ, ಬಾಬಣ್ಣ ಹೇಳಿದ್ದನ್ನ ಮರೀಬೇಡ!” ಅಂದಳು ತಾಯಿ. ಅಯ್ಯೋ, ಅನ್ನಬಾರದಿತ್ತು.

ಮನೆಯವರೆಗೂ ಬಾಯಿಪಾಠ ಮಾಡಿದ ಪರಮೇಶಿ. ಈಗ ಬೇಡ, ಹಳೇದೇ ಸಾಕು. ಈಗ ಬೇಡ, ಹಳೇದೇ ಸಾಕು. ಊಟದಲ್ಲೂ ಅದೇ, ನಿದ್ದೆಯಲ್ಲೂ ಅದೇ.

ಶುಕ್ರವಾರ. ರಾಹುಕಾಲ ಕಳೆಯಿತು. ಹೊಸ ಅಂಗಿ, ಹಣೆಯಲ್ಲಿ ವಿಭೂತಿ, ಎದುರಿಗೆ ಒನಕೆಗೆ ಒರಗಿಸಿದ ಫೋನು. ಟ್ರಿಣ್ ಟ್ರಿಣ್! ಒತ್ತಿದ ಕೂಡಲೇ ಹೊಸದುರ್ಗದ ಹಜಾರ ಕನ್ನಡಿಯಲ್ಲಿ ಕಂಡ ಹಾಗೆ ಕಂಡಿತು. ಓಂಕಾರಯ್ಯನವರ ಮೀಸೆ ಪೂರ್ತಿ ಕಂಡಿತು. ಮೂಗೂ ಪೂರ್ತಿ ಇತ್ತು. ಶಿವಗಂಗಮ್ಮ ಮನಸ್ಸಿನಲ್ಲೇ ಬಾಬಾಜಾನನಿಗೆ ಕೈಮುಗಿದಳು.

ಕುಶಲ ಆಯಿತು, ಮಳೆ ಬೆಳೆ ಆಯಿತು. “ಬಾ ಮಗಳೇ” ಅಂದರು ಓಂಕಾರಯ್ಯ. ನೀಲವೇಣಿ ಬಂದು ಕೂತಳು. ಹಸಿರು ಸೀರೆ, ಕನಕಾಂಬರ, ತಗ್ಗಿಸಿದ ಕಣ್ಣು. ಒಮ್ಮೆ ಕಣ್ಣೆತ್ತಿ ಸಣ್ಣಗೆ ನಕ್ಕಳು ನೋಡಿ, ಪರಮೇಶಿಯ ಮೈಯೆಲ್ಲ ಜುಮ್ಮೆಂದಿತು. ಫೋಟೋಗಿಂತ ಚಂದ!

“ಹೇಗಪ್ಪಾ ಪರಮೇಶಿ,” ಫೋನಿನೊಳಗಿಂದ ಓಂಕಾರಯ್ಯ ಕೇಳಿದರು, “ಒಪ್ಪಿಗೇನಾ?”

ಕೇಳೇಬಿಟ್ಟಿತು! ಬಾಬಣ್ಣ ಹೇಳಿದ ಹಾಗೇ ಫೋನು ಕೇಳೇಬಿಟ್ಟಿತು! ಪರಮೇಶಿ ಮುಷ್ಟಿ ಬಿಗಿದ. ಮನಸ್ಸು ಗಟ್ಟಿ ಮಾಡಿಕೊಂಡ.

“ಈಗ ಬೇಡ.”

ಶಿವಗಂಗಮ್ಮ ಕೆಳಗಿನಿಂದ ಅವನ ತೊಡೆ ಚಿವುಟಿದಳು.

“ಸಂಕೋಚ ಇರಬಹುದು” ಅಂದರು ಓಂಕಾರಯ್ಯ. “ಸರಿಯಾಗಿ ನೋಡಪ್ಪಾ. ಒಪ್ಪಿಗೆ ತಾನೆ?”

“ಎಷ್ಟು ಚಂದವಾಗಿ ತೋರಿಸಿದ್ರೂ ಬೇಡ. ಹೊಸದು ಬೇಡ. ನಮಗೆ ಹಳೇದೇ ಸಾಕು.”

“ಹಳೇದಾ? ಹಳೇದು ಯಾರಪ್ಪಾ ನಮ್ಮನೇಲಿ?”

ಇದನ್ನು ಬಾಬಣ್ಣ ಹೇಳಿಕೊಟ್ಟಿರಲಿಲ್ಲ. ಪರಮೇಶಿ ಬಗ್ಗಿ ಫೋನಿನೊಳಗೆಲ್ಲ ಹುಡುಕಿದ. ನೀಲವೇಣಿಯ ಹಿಂದೆ, ಕಂಬಕ್ಕೆ ಒರಗಿ, ಓಂಕಾರಯ್ಯನವರ ತಾಯಿ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದರು. ಬೆರಳು ಮಾಡಿ ತೋರಿಸಿದ. “ಅವರು!”

ಕುಟ್ಟಾಣಿ ನಿಂತಿತು. ಅಜ್ಜಿ ಬೊಚ್ಚುಬಾಯಿ ಬಿಟ್ಟುಕೊಂಡು ಒಂದು ಗಳಿಗೆ ನೋಡಿ, ಸೆರಗು ಸರಿಮಾಡಿಕೊಂಡು ಅಂದರು: “ನನ್ನದೇನೂ ಅಭ್ಯಂತರ ಇಲ್ಲಪ್ಪಾ. ಗಟ್ಟಿಮುಟ್ಟಾಗಿದ್ದೀಯ. ನನ್ನ ಮಗನ್ನ ಒಪ್ಪಿಸು, ಅವನೇ ಸ್ವಲ್ಪ ಕೋಪಿಷ್ಠ!”

ನೀಲವೇಣಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಓಂಕಾರಯ್ಯನವರ ಕೆಂಪು ಮುಖ ಹತ್ತಿರ ಹತ್ತಿರ ಬಂತು. ಫೋನು ಟಕ್ಕನೆ ಆರಿತು.

ಶಿವಗಂಗಮ್ಮ ಎರಡು ಕೈಯನ್ನೂ ತಲೆ ಮೇಲೆ ಹೊತ್ತುಕೊಂಡಳು. “ಅಯ್ಯೋ ಪಾಪೀ! ಬಂಗಾರದಂಥ ಹುಡುಗಿ ಕಣೋ! ಹಿಡಿಸಲಿಲ್ವೇನೋ ನಿನಗೆ?”

“ಹಿಡಿಸದೇ ಏನಮ್ಮಾ!” ಪರಮೇಶಿ ಹೊಸ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. “ಅಷ್ಟು ಹಿಡಿಸಿದ್ದಕ್ಕೇ ಅಲ್ವಾ ಅಷ್ಟು ಗಟ್ಟಿಯಾಗಿ ಬೇಡ ಅಂದದ್ದು!”