ಗುಡಾಣದಲ್ಲಿದ್ದ ಕೌದಿ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಅಗಲಿದವರನ್ನು ಮರೆಯದೆ ಮನಸ್ಸು ಹಸನಾಗದು ಎನ್ನುತ್ತಾರೆ. ಹಾಗಾದರೆ ನೆನಪನ್ನೆಲ್ಲ ಸುಟ್ಟುಬಿಡಬೇಕೇ?”

ಗುರುಗಳು ಹೇಳಿದರು:

ಒಂದೂರಲ್ಲಿ ಒಬ್ಬ ಕುಂಬಾರನಿದ್ದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಹಾಗೆ ಒಂದು ಕೆಟ್ಟ ಜ್ವರ ಬಂದು ಅವನ ಹೆಂಡತಿಯನ್ನು ಕೊಂಡೊಯ್ದಿತು. ಉಳಿದವಳು ಎಳೆಯ ಮಗಳೊಬ್ಬಳು. ಜ್ವರ ಅವಳಿಗೂ ಅಂಟೀತೆಂದು ಹೆದರಿ ಕುಂಬಾರ ಮನೆ ತೊಳೆಯುವವನನ್ನು ಕರೆಸಿದ. ರೋಗ ಹೊಕ್ಕ ಮನೆಗಳನ್ನು ಶುದ್ಧ ಮಾಡುವುದೇ ಆ ಮನುಷ್ಯನ ಕಸುಬು.

ಅವನು ಬಂದವನೇ ರೋಗಿಯ ಹಾಸಿಗೆಯನ್ನೂ ದಿಂಬನ್ನೂ ಅಂಗಳದಲ್ಲಿಟ್ಟು ಸುಟ್ಟ. ಅದನ್ನು ಕಂಡು ಕುಂಬಾರ ಒಳಗೋಡಿದ. ಹೆಂಡತಿ ಹೊದೆಯುತ್ತಿದ್ದ ಕೌದಿ ಇನ್ನೂ ಒಳಗಿತ್ತು. ಹಳೆಯ ಸೀರೆಗಳನ್ನು ಸೇರಿಸಿ ಅವಳೇ ಹೊಲಿದದ್ದು. ಅವನು ಅದನ್ನು ಯಾರೂ ಹುಡುಕದ ಕಡೆ, ಅರೆ ತುಂಬಿದ್ದ ಅಕ್ಕಿಯ ಗುಡಾಣದೊಳಗೆ, ತುರುಕಿ ಬಾಯಿ ಮುಚ್ಚಿದ. ಪ್ರೀತಿಗೆ ಕಣ್ಣಿಲ್ಲ, ಬುದ್ಧಿಯಂತೂ ಆ ಹೊತ್ತಿಗೆ ಮನೆಯಲ್ಲೇ ಇರುವುದಿಲ್ಲ.

ತೊಳೆಯುವವನು ಗೋಡೆಗೆ ಸುಣ್ಣ ಬಳಿದ, ನೆಲವನ್ನು ಕುದಿನೀರು ಹಾಕಿ ಉಜ್ಜಿದ. ಅವನದೊಂದು ಪದ್ಧತಿಯಿತ್ತು. ಕೆಲಸ ಮುಗಿದ ಮೇಲೆ ಆ ಮನೆಯ ಅಕ್ಕಿಯಲ್ಲೇ ಗಂಜಿ ಕಾಯಿಸಿ, ಮನೆಯವರೊಡನೆ ಕೂತು ಉಣ್ಣುತ್ತಿದ್ದ. ಅವನು ಉಂಡ ಮನೆಗೆ ಊರವರು ಹೆದರದೆ ಹೋಗಿಬರುತ್ತಿದ್ದರು.

“ಗುಡಾಣದಿಂದ ಒಂದು ಬೊಗಸೆ ಅಕ್ಕಿ ತಾರಪ್ಪಾ,” ಎಂದ. ಮಗಳು ಆಗಲೇ ತಟ್ಟೆ ಹಿಡಿದು ಕೂತಿದ್ದಳು.

ಕುಂಬಾರ ಮಗಳ ಮುಖ ನೋಡಿದ. “ಆ ಅಕ್ಕಿ ಬೇಡಣ್ಣಾ,” ಎಂದು ಕೌದಿಯನ್ನು ಹೊರಗೆಳೆದು ಅತ್ತುಬಿಟ್ಟ. “ನೀನು ಇದನ್ನೂ ಸುಡುತ್ತೀಯೆಂದು ಬಚ್ಚಿಟ್ಟೆ.”

“ಇದನ್ನೇಕೆ ಸುಡಲಿ? ಹಾಸಿಗೆ ದಿಂಬಿನ ಹತ್ತಿಯೊಳಗೆ ಕುದಿನೀರು ಇಳಿಯದು, ಅದಕ್ಕೆ ಅವನ್ನು ಸುಟ್ಟೆ. ಇದು ಬರೀ ಬಟ್ಟೆ, ಕುದಿಸಿದರಾಯಿತು. ಒಂದು ಮಾತು ಕೇಳಬಾರದಿತ್ತೇನೋ, ಪುಣ್ಯಾತ್ಮ!”

ಗುಡಾಣದ ಅಕ್ಕಿ ಗುಂಡಿ ಸೇರಿತು. ಅದಕ್ಕೆ ಕುಂಬಾರ ಮರುಗಲಿಲ್ಲ. ಕೌದಿ ಬೂದಿನೀರಿನಲ್ಲಿ ಕುದಿದು ಬಿಸಿಲಲ್ಲಿ ಒಣಗಿತು. ತೊಳೆಯುವವನು ಅಂದೊಂದು ದಿನ ಪದ್ಧತಿ ಮುರಿದು ನೆರೆಮನೆಯ ಅಕ್ಕಿಯಲ್ಲಿ ಗಂಜಿ ಕಾಯಿಸಿದ, ಮೂವರೂ ಉಂಡರು. ಮಗಳು ಅಮ್ಮನ ಕೌದಿ ಹೊದ್ದು ನಿದ್ದೆಹೋದಳು. ಕುಂಬಾರನಿಗೆ ಹೋದ ಜೀವ ಬಂದಂತಾಯಿತು.

ಕತೆ ಮುಗಿಸಿ ಗುರುಗಳು ಶಿಷ್ಯನನ್ನು ಕೇಳಿದರು: “ನಿನ್ನ ಕೌದಿ ಯಾವ ಗುಡಾಣದಲ್ಲಿದೆ?”