ಠಾಣೆಯ ಎದುರಿನ ಮಂಡಕ್ಕಿ ಬುಟ್ಟಿ

"ಅವ್ವಾ, ನಾವೂ ಅದೇ ಊರಿನ ನೀರು ಕುಡಿದು ಬೆಳೆದವರು. ಇಲ್ಲಿ ತಲೆ ಎತ್ತಿ ನಡೆಯುತ್ತೇವೆ. ಅಲ್ಲಿ ಉಳಿದವರು ಮಾತ್ರ ಪೊಲೀಸಿನವರನ್ನು ಕಂಡರೆ ಇನ್ನೂ ಕೈ ಕಟ್ಟಿ ನಿಲ್ಲುತ್ತಾರೆ. ಅವರಿಗೆ ಬಾಯಿ ಇಲ್ಲವೇ?"

ಹೀಗೆ ಕೇಳಿದವನು ಕೊಟ್ರೇಶಿ. ಪರದೇಶಕ್ಕೆ ಬಂದು, ಅಂಗಡಿ ಇಟ್ಟು, ಗೆದ್ದವನು. ಊರಿನವರು ಅವನನ್ನು ಕರೆಸಿ ಸನ್ಮಾನ ಮಾಡುವವರಿದ್ದರು. ಹೊರಡುವ ಮೊದಲು ಆಶೀರ್ವಾದಕ್ಕೆಂದು ಅವ್ವನ ಬಳಿ ಬಂದಿದ್ದ. ಅವ್ವ ಆ ಪರದೇಶದಲ್ಲೇ ಮುದುಕಿಯಾದವರು. ಅಲ್ಲಿದ್ದ ಕೆಲವು ಕನ್ನಡದ ಮನೆಗಳಿಗೆ ಅವರೇ ಗುರು.

ಅವ್ವ ಹಣೆ ಉಜ್ಜಿಕೊಂಡರು.

"ಇದಕ್ಕೊಂದು ಕತೆ ಇದೆ. ಆದರೆ ಅದರಲ್ಲಿ ಒಂದು ಮಾತು ಬರುತ್ತದೆ, ಅದೇ ನೆನಪಾಗುತ್ತಿಲ್ಲ. ಬೀದಿಯಲ್ಲಿ ಮಾರುವವರು ಠಾಣೆಗೆ ದಿನಾ ಕೊಡುತ್ತಾರಲ್ಲ, ಅದಕ್ಕೆ ಏನೋ ಅನ್ನುತ್ತಿದ್ದರು. ಮಾ... ಮಾ..."

"ಮಾಮೂಲು," ಎಂದು ಕೊಟ್ರೇಶಿ ನಕ್ಕ.

"ಹೌದಪ್ಪ, ಮಾಮೂಲು. ಇಲ್ಲಿ ಆ ಮಾತಿಗೆ ಕೆಲಸವೇ ಬೀಳಲಿಲ್ಲ. ನಾಲಿಗೆಯಿಂದ ಜಾರಿಯೇ ಹೋಗಿದೆ. ಕೇಳು."

ಅವ್ವ ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಅಣ್ಣ, ಒಬ್ಬಳು ತಂಗಿ ಇದ್ದರು. ಪೊಲೀಸ್ ಠಾಣೆಯ ಎದುರಿನ ಮೂಲೆಯಲ್ಲಿ ಬುಟ್ಟಿ ಇಟ್ಟುಕೊಂಡು ಮಂಡಕ್ಕಿ ಮಾರುತ್ತಿದ್ದರು. ಈರುಳ್ಳಿ ಹೆಚ್ಚುವುದು ತಂಗಿಯ ಕೆಲಸ. ಖಾರ ಕಲಸಿ ಪೊಟ್ಟಣ ಕಟ್ಟುವುದು ಅಣ್ಣನ ಕೆಲಸ. ದಿನದ ಮೊದಲ ಪೊಟ್ಟಣಗಳು ಠಾಣೆಗೆ ಹೋಗಬೇಕು. ಅದು ಮಾಮೂಲು. ವ್ಯಾಪಾರ ಆಗಲಿ ಬಿಡಲಿ, ಅದು ತಪ್ಪುವಂತಿರಲಿಲ್ಲ.

ಒಂದು ದಿನ ದೊಡ್ಡ ಮನೆಯ ಹುಡುಗನೊಬ್ಬ ಜೀಪನ್ನು ತಂದು ಬುಟ್ಟಿಯ ಮೇಲೆಯೇ ಹತ್ತಿಸಿದ. ತಂಗಿ ಪಕ್ಕಕ್ಕೆ ಹಾರಿ ಉಳಿದುಕೊಂಡಳು. ಅಣ್ಣ ನ್ಯಾಯ ಕೇಳಲು ಠಾಣೆಯ ಮೆಟ್ಟಿಲು ಹತ್ತಿದ. ಒಳಗೆ ನೋಡಿದರೆ ಆ ಹುಡುಗ ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದ. ಅವನಿಗೆ ಚಹಾ ತರಿಸಿದ್ದರು. ಚಹಾದ ಜೊತೆಗೆ ಇವರದೇ ಮಂಡಕ್ಕಿಯ ಪೊಟ್ಟಣ ಬಿಚ್ಚಿಟ್ಟಿದ್ದರು.

"ರಸ್ತೆ ಏನು ನಿಮ್ಮಪ್ಪಂದಾ?" ಎಂದು ಪೇದೆ ಅಣ್ಣನನ್ನೇ ಕೇಳಿದ. "ನಿನ್ನ ಬುಟ್ಟಿ ಅಡ್ಡ ಬಂದು ಸಾಹುಕಾರರ ಜೀಪಿಗೆ ಗೀರು ಬಿದ್ದಿದೆಯಲ್ಲೋ."

ಅಣ್ಣ ಬಾಯಿ ತೆರೆದ. ಏಟು ಬಿತ್ತು. ಮತ್ತೆ ತೆರೆದ. ಇನ್ನಷ್ಟು ಬಿತ್ತು.

ಗಾಯ ಮಾಗಿತು. ಆದರೆ ಅವನಿಗೆ ಆ ಊರಿನಲ್ಲಿ ನಿಲ್ಲುವ ಮನಸ್ಸಾಗಲಿಲ್ಲ. ಹೇಗೋ ಹಡಗಿನಲ್ಲಿ ಅಡುಗೆಯ ಕೆಲಸ ಹಿಡಿದ. ನೆಲೆ ಸಿಕ್ಕ ಮೇಲೆ ಕರೆಸಿಕೊಳ್ಳುತ್ತೇನೆ ಎಂದು ತಂಗಿಗೆ ಹೇಳಿದ. ಅವಳ ಮದುವೆ ಗೊತ್ತಾಗಿತ್ತು.

"ನೀನು ಹೋಗು, ಅಣ್ಣಾ. ಮೂಲೆ ಖಾಲಿ ಬಿಟ್ರೆ ಬೇರೆಯವರು ಬಂದು ಕೂರ್ತಾರೆ. ನಾನು ಜಾಗ ಹಿಡಿದಿರ್ತೀನಿ," ಎಂದಳು.

ಅವನು ಇಳಿದ ದೇಶದಲ್ಲಿ ಮಾತು ಬೇರೆ, ಚಳಿ ಬೇರೆ. ಒಂದು ತಳ್ಳುಗಾಡಿ ಹಿಡಿದು ಅಲ್ಲಿಯೂ ಮಂಡಕ್ಕಿಯನ್ನೇ ಕಲಸಿದ. ಕೆಲವೇ ದಿನಗಳಲ್ಲಿ ಒಬ್ಬ ಪೊಲೀಸಿನವನು ಗಾಡಿಯ ಕಡೆಗೆ ಬಂದ. ಅಣ್ಣನ ಕೈ ತಾನಾಗಿಯೇ ದೊಡ್ಡ ಪೊಟ್ಟಣವೊಂದನ್ನು ಕಟ್ಟಿತು. ಅದನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ಚಾಚಿದ. ಪೊಲೀಸಿನವನಿಗೆ ಅರ್ಥವಾಗಲಿಲ್ಲ. ಗಾಡಿಯ ಮುಂದೆ ನಿಂತಿದ್ದ ಒಬ್ಬ ಮುದುಕಿಯನ್ನು ತೋರಿಸಿ, ಮೊದಲು ಇವರಿಗೆ ಕೊಡು ಎಂದು ಸನ್ನೆ ಮಾಡಿದ. ತಾನು ಹೋಗಿ ಅವಳ ಹಿಂದೆ ನಿಂತ. ಸರದಿ ಬಂದಾಗ ಎಲ್ಲರಂತೆ ಬೆಲೆ ಕೊಟ್ಟು, ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ಹೊರಟುಹೋದ.

ಅಣ್ಣ ಗಾಡಿಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಅತ್ತ. ಠಾಣೆಯಲ್ಲಿ ಏಟು ತಿಂದ ದಿನವೂ ಅವನು ಅತ್ತಿರಲಿಲ್ಲ.

ಆಮೇಲೆ ಅವನ ಬದುಕು ಕುದುರಿತು. ಗಾಡಿ ಹೋಗಿ ಅಂಗಡಿಯಾಯಿತು. ಅಂಗಡಿಗಳು ಹಲವಾದವು. ಆ ಪಟ್ಟಣದ ಜನ ಅವನನ್ನು ನಗರಸಭೆಗೆ ಆರಿಸಿ ಕಳಿಸಿದರು. ಅವನ ಬಣ್ಣವನ್ನಾಗಲಿ ಮಾತಿನ ತೊದಲನ್ನಾಗಲಿ ಯಾರೂ ಅಡ್ಡ ತರಲಿಲ್ಲ.

ಇತ್ತ ತಂಗಿಯ ಗಂಡ ಗಾರೆ ಕೆಲಸದಲ್ಲಿ ಬಿದಿರಿನ ಸಾರುವೆಯಿಂದ ಬಿದ್ದು ಹಾಸಿಗೆ ಹಿಡಿದ. ಅವನನ್ನು ಬಿಟ್ಟು ಅವಳು ಎಲ್ಲಿಗೂ ಹೋಗುವಂತಿರಲಿಲ್ಲ. ಅಣ್ಣ ಕಳಿಸಿದ್ದೆಲ್ಲ ಆಸ್ಪತ್ರೆಗೆ, ಔಷಧಿಗೆ ಆಗಿಹೋಗುತ್ತಿತ್ತು. ಹೊಟ್ಟೆಗೆ ಅವಳ ಬುಟ್ಟಿಯೇ ಗತಿ. ಮೊದಲ ಪೊಟ್ಟಣಗಳು ಈಗಲೂ ಠಾಣೆಗೆ ಹೋಗುತ್ತಿದ್ದವು. ಫೋನಿನಲ್ಲಿ ಅದನ್ನು ಕೇಳಿದಾಗಲೆಲ್ಲ ಅಣ್ಣ ರೇಗುತ್ತಿದ್ದ.

"ಕೊಡಬೇಡ ಅಂತ ಎಷ್ಟು ಸಲ ಹೇಳ್ಲಿ? ಯಾಕೆ ಕೊಡಬೇಕು ಅಂತ ಕೇಳು. ನಿನಗೆ ಬಾಯಿಲ್ವಾ?"

"ಇದೆ ಕಣಣ್ಣಾ. ಅದಕ್ಕೆ ತುತ್ತೂ ಬೇಕಲ್ಲ," ಎಂದು ಅವಳು ನಗುತ್ತಿದ್ದಳು.

ಅವನ ಹೆಸರು ಊರಿಗೂ ಮುಟ್ಟಿತು. ನಮ್ಮ ಊರಿನ ಮಗ ಎಂದು ಹಿರಿಯರು ಸನ್ಮಾನ ಇಟ್ಟುಕೊಂಡರು. ಅವನು ಒಪ್ಪಿದ್ದು ಒಂದೇ ಆಸೆಗೆ. ವೇದಿಕೆಯ ಮೇಲೆ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಆ ಠಾಣೆಯವರು ಅದನ್ನು ಕಣ್ಣಾರೆ ನೋಡಬೇಕು.

"ವೇದಿಕೆ ಗೀದಿಕೆ ನನಗೆ ದಾರಿ ಗೊತ್ತಾಗಲ್ಲ," ಎಂದಳು ತಂಗಿ. "ನಿನ್ನ ಕಾರು ನಮ್ಮ ಮೂಲೆ ಮುಂದೇನೇ ಬರಬೇಕಲ್ಲ. ಅಲ್ಲೇ ನಿಂತಿರ್ತೀನಿ. ಹತ್ತಿಸ್ಕೊಂಡು ಹೋಗು."

ಆ ದಿನ ಬಂತು. ಕಾರಿನಲ್ಲಿ ಅವನ ಪಕ್ಕಕ್ಕೆ ಇನ್‌ಸ್ಪೆಕ್ಟರ್ ಕೂತಿದ್ದ. ಮುಂದೆ ಸೈರನ್ ಹಾಕಿಕೊಂಡು ಜೀಪು ಹೋಗುತ್ತಿತ್ತು. ಪೇಟೆಯ ರಸ್ತೆ ತೊಳೆದಿಟ್ಟಂತೆ ಇತ್ತು. ಬುಟ್ಟಿಯಿಲ್ಲ, ಗಾಡಿಯಿಲ್ಲ, ಅಡ್ಡ ಬರುವ ಒಂದು ಕರುವೂ ಇಲ್ಲ.

"ಪರವಾಗಿಲ್ಲ, ನಮ್ಮೂರು ಸುಧಾರಿಸಿದೆ," ಎಂದ ಅಣ್ಣ.

"ಎಲ್ಲಾ ತಮ್ಮಂಥವರ ಆಶೀರ್ವಾದ, ಸರ್," ಎಂದ ಇನ್‌ಸ್ಪೆಕ್ಟರ್.

ಠಾಣೆಯ ಎದುರಿನ ಮೂಲೆ ಬಂತು. ತಂಗಿ ಅಲ್ಲಿರಲಿಲ್ಲ. ತಡೆಯಲಾರದೆ ಮೊದಲೇ ಸಭೆಗೆ ಹೋಗಿ ಕೂತಿರಬೇಕು ಎಂದುಕೊಂಡ. ಸ್ವಲ್ಪ ಆಚೆ ಒಂದು ಪೊಲೀಸ್ ವ್ಯಾನು ನಿಂತಿತ್ತು. ಕಿಟಕಿಯ ಕಂಬಿಗಳ ನಡುವಿನಿಂದ ಹಲವು ಕೈಗಳು ಹೊರಗೆ ಆಡುತ್ತಿದ್ದವು. ಕಾರಿನ ಗಾಜು ಏರಿಸಿತ್ತು. ಸದ್ದೇನೂ ಕೇಳಲಿಲ್ಲ. ಊರಿನ ಜನ ತನಗೆ ಕೈ ಬೀಸುತ್ತಿದ್ದಾರೆ ಎಂದುಕೊಂಡು ಅವನೂ ಕೈ ಬೀಸಿದ.

ಸಭೆಯಲ್ಲಿ ಶಾಲು ಹೊದಿಸಿದರು, ಪೇಟ ಇಟ್ಟರು. ಅವನು ಪರದೇಶದ ಪೊಲೀಸಿನವನು ಮುದುಕಿಯ ಹಿಂದೆ ಸರದಿಯಲ್ಲಿ ನಿಂತ ಕತೆ ಹೇಳಿದ. ಮುಂದಿನ ಸಾಲಿನಲ್ಲಿದ್ದ ಅಧಿಕಾರಿಗಳು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಅವನ ಕಣ್ಣು ಹೆಂಗಸರು ಕೂತ ಕಡೆಯೇ ಹುಡುಕುತ್ತಿತ್ತು.

ಸಭೆ ಮುಗಿದಾಗ ಇನ್‌ಸ್ಪೆಕ್ಟರನನ್ನು ಕೇಳಿದ. "ನನ್ನ ತಂಗಿ ಬಂದಿಲ್ಲವೇ?"

"ಯಾವ ಮೇಡಂ, ಸರ್?"

"ನಿಮ್ಮ ಠಾಣೆ ಎದುರಿಗೆ ಮಂಡಕ್ಕಿ ಮಾರುತ್ತಾಳಲ್ಲ, ಅವಳು."

ಇನ್‌ಸ್ಪೆಕ್ಟರನ ಮುಖದಲ್ಲಿ ನೆತ್ತರಿಲ್ಲದಂತಾಯಿತು. "ರಸ್ತೆಯಲ್ಲಿದ್ದವರನ್ನೆಲ್ಲ ಠಾಣೆಗೆ ಕರೆದೊಯ್ದಿದ್ದಾರೆ, ಸರ್," ಎಂದ.

ಬೆಳಿಗ್ಗೆ ತಂಗಿ ತನ್ನ ಮದುವೆಯ ಸೀರೆ ಉಟ್ಟು, ತಲೆಗೆ ಹೂ ಮುಡಿದು ಮೂಲೆಯಲ್ಲಿ ನಿಂತಿದ್ದಳು. ದೊಡ್ಡವರು ಬರುತ್ತಾರೆ, ಜಾಗ ಬಿಡಿ ಎಂದು ಪೇದೆ ಲಾಠಿ ಬೀಸುತ್ತ ಬಂದ. "ಬರ್ತಿರೋದು ನನ್ನ ಅಣ್ಣಾನೇ," ಎಂದಳು. "ಹೌದಾ? ಮುಖ್ಯಮಂತ್ರಿ ನನಗೆ ಭಾವ ಆಗ್ಬೇಕು. ಹತ್ತು, ಹತ್ತು," ಎಂದು ಅವನು ಅವಳನ್ನು ಉಳಿದವರ ಜೊತೆ ವ್ಯಾನಿಗೆ ನೂಕಿದ. ಕಾರು ಬಂದಾಗ ಅವಳು ಕಂಬಿಯ ಹೊರಗೆ ಕೈ ಚಾಚಿ ಕೂಗಿದಳು. ಪೇದೆ ಆ ಕೈಯ ಮೇಲೆ ಲಾಠಿ ಇಳಿಸಿದ.

ಅಣ್ಣ ಠಾಣೆಗೆ ಓಡಿದ. ಹಿತ್ತಲಿನ ಗೋಡೆಗೆ ಒರಗಿ ರಸ್ತೆಯ ಜನವೆಲ್ಲ ಕೂತಿತ್ತು. ತಂಗಿ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಸೆರಗು ಸರಿಸಿ ನೋಡಿದರೆ ಬೆರಳುಗಳು ಬಾತುಹೋಗಿದ್ದವು.

"ಯಾರು ಹೊಡೆದದ್ದು? ತೋರಿಸು. ಹೆದರಬೇಡ, ನಾನಿದ್ದೀನಿ."

ಹೊಡೆದ ಪೇದೆ ಅಲ್ಲೇ ನಿಂತಿದ್ದ, ಅವಳಿಗೆಂದು ಚಹಾ ಹಿಡಿದುಕೊಂಡು. ತಂಗಿ ಅವನ ಮುಖ ನೋಡಿದಳು.

"ಯಾರೂ ಹೊಡೆದಿಲ್ಲ. ವ್ಯಾನಿನ ಬಾಗಿಲಿಗೆ ಸಿಕ್ತು."

"ಸುಳ್ಳು ಹೇಳ್ಬೇಡ!" ಎಂದು ಅಣ್ಣ ಗದರಿದ.

"ನೀನು ನಾಳೆ ಹೋಗ್ತೀಯಲ್ಲ, ಅಣ್ಣಾ," ಎಂದಳು ಅವಳು ಮೆಲ್ಲಗೆ.

ಅಣ್ಣ ಹಿಂದೆಯೇ ಓಡಿ ಬಂದಿದ್ದ ಇನ್‌ಸ್ಪೆಕ್ಟರನ ಕಡೆ ತಿರುಗಿದ. ಎಲ್ಲರನ್ನೂ ಬಿಡಿ ಎಂದ. ಇನ್‌ಸ್ಪೆಕ್ಟರ್ ಆ ಕ್ಷಣವೇ ಬಿಟ್ಟ. ಬಾಳೆಹಣ್ಣು ಮಾರುವ ಮುದುಕಿಯೊಬ್ಬಳು ಸೊಂಟ ಹಿಡಿದುಕೊಂಡು ಎದ್ದಳು. "ಮುಂದಿನ ಸಲ ಬರೋವಾಗ ನಮಗೂ ಒಂದು ಮಾತು ಹೇಳಿ ಕಳಿಸಪ್ಪಾ. ಅವತ್ತು ನಾವು ಮನೇಲೇ ಇದ್ದುಬಿಡ್ತೀವಿ," ಎಂದು ಹೋದಳು.

ಅವನು ತನ್ನ ಶಾಲನ್ನು ತೆಗೆದು ತಂಗಿಗೆ ಹೊದಿಸಲು ಹೋದ. ಅವಳು ಎಡಗೈಯಿಂದ ತಡೆದಳು.

"ಕಾರಿಂದ ಕೈ ಬೀಸಿದ್ದು ನೋಡ್ದೆ. ಚೆನ್ನಾಗಿ ಕಾಣ್ತಿದ್ದೆ," ಎಂದಳು. ಅವಳಿಗೆ ಗಂಡನ ಊಟದ ಹೊತ್ತು ಮೀರಿತ್ತು. ಎದ್ದು ಮನೆಯ ದಾರಿ ಹಿಡಿದಳು.

ಅವ್ವ ಕತೆ ನಿಲ್ಲಿಸಿದರು. ಕೊಟ್ರೇಶಿಯ ಮುಖ ಕೆಂಪಾಗಿತ್ತು.

"ಆ ಪೇದೆಯ ಕೈ ಸೇದಿಹೋಗ! ಆದರೆ ಅಣ್ಣನದೇನು ತಪ್ಪು, ಅವ್ವಾ? ರಸ್ತೆ ಖಾಲಿ ಮಾಡಿಸಿ ಎಂದು ಅವನು ಹೇಳಿದ್ದನೇ?"

"ಹೇಳಲಿಲ್ಲ, ಮಗಾ. ಖಾಲಿ ರಸ್ತೆ ಕಂಡಾಗ, ಇಲ್ಲಿ ಕೂತು ಮಾರುತ್ತಿದ್ದವರೆಲ್ಲ ಎಲ್ಲಿ ಎಂದು ಕೇಳಲೂ ಇಲ್ಲ," ಎಂದರು ಅವ್ವ.